ಕದ್ದದ್ದನ್ನು ಕದ್ದದ್ದು ಅಂತಲೇ ಬರೆಯಿರಿ

ಈಗಷ್ಟೇ ಮನೆಗೆ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮ ಬಿಲ್ಡಿಂಗ್ ಕೆಳಗಿನ ಹೋಟೆಲಿನ ಕುಂದಾಪುರದ ಹುಡುಗ ಇದ್ದಾನಲ್ಲ, ಬೆಳಗ್ಗೆ ಲೋಕಲ್‌ ರೈಲು ಹತ್ತುವಾಗ ಅವನ ಜೇಬಿನಿಂದ ಫೋನ್ ಎತ್ತಿದ್ದಾರೆ. 12,000 ರೂಪಾಯಿಯದು, ಕಂತು ಇನ್ನೂ ಮುಗಿದಿಲ್ಲ. ಮರಾಠಿ ಸರಿಯಾಗಿ ಬರೋದಿಲ್ಲ ಅಂತ ನನ್ನನ್ನು ಠಾಣೆಗೆ ಕರೆದುಕೊಂಡು ಹೋದ. ಅಲ್ಲಿ ಬರೆದುಕೊಟ್ಟ ಕಾಗದದಲ್ಲಿ ಇದ್ದದ್ದು ‘ಗಹಾಳ್’. ಅಂದರೆ ಕಳೆದುಹೋಗಿದೆ. ಆ ಕಾಗದದ ಪ್ರಕಾರ ಕಳ್ಳನೇ ಇಲ್ಲ. ‘ಹೀಗೆ ಬರೆದರೆ ಸಿಮ್ ಬೇಗ ಸಿಗುತ್ತೆ’ ಅಂದರು. ಹನ್ನೊಂದಕ್ಕೆ ಅವನಿಗೆ ಡ್ಯೂಟಿ. ‘ಬಿಡಿ ಅಕ್ಕ’ ಅಂತ ಸಹಿ ಹಾಕಿಬಿಟ್ಟ.

ಬ್ಯಾಂಕಲ್ಲಿ 26 ವರ್ಷ ಲೆಕ್ಕ ನೋಡಿದವಳು ನಾನು, ನಿಮಗೆಲ್ಲ ಗೊತ್ತು. ಸಂಜೆ ಕ್ಯಾಶ್ ತಾಳೆಯಾಗದೆ ಯಾರೂ ಮನೆಗೆ ಹೋಗುವ ಹಾಗಿರಲಿಲ್ಲ. ಇಲ್ಲಿ ಮೊದಲ ಸಾಲನ್ನೇ ತಪ್ಪು ಬರೆಯುತ್ತಾರಲ್ಲ! ದೇಶದ ಅಪರಾಧಗಳ ಲೆಕ್ಕ ಇಡುವ ಕೇಂದ್ರ ಸರ್ಕಾರದ ಸಂಸ್ಥೆ ಎನ್‌ಸಿಆರ್‌ಬಿ ಹೊರತರುವ ಅಂಕಿಗಳು ಠಾಣೆಗಳಲ್ಲಿ ದಾಖಲಾದ ಕೇಸುಗಳಿಂದಲೇ ಬರುವುದು. ಒಂದೇ ಎಫ್‌ಐಆರ್‌ನಲ್ಲಿ ಕೊಲೆಯೂ ಕಳ್ಳತನವೂ ಇದ್ದರೆ ಎಣಿಕೆಗೆ ಸಿಗುವುದು ಕೊಲೆ ಮಾತ್ರ. ಎಫ್‌ಐಆರ್ ಇಲ್ಲವೇ ಇಲ್ಲ ಅಂದರೆ ಈ ಹುಡುಗನ ಫೋನ್ ಯಾವ ಲೆಕ್ಕಕ್ಕೂ ಇಲ್ಲ.

ಪೊಲೀಸರು ತಾವೇ ತನಿಖೆ ಮಾಡಬಹುದಾದ ಅಪರಾಧದ ದೂರು ಬಂದರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟು 2013ರಲ್ಲೇ ಲಲಿತಾ ಕುಮಾರಿ ಕೇಸಿನಲ್ಲಿ ಹೇಳಿದೆ. ಆದರೆ 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ 5,000 ರೂಪಾಯಿಗಿಂತ ಕಡಿಮೆಯ ಕಳ್ಳತನ ಆ ಸಾಲಿನಿಂದಲೇ ಹೊರಗೆ. ಅದಕ್ಕೆ ಬರೀ ಎನ್‌ಸಿ, ಅಂದರೆ ಪೊಲೀಸರು ತಾವಾಗಿ ತನಿಖೆ ಮಾಡಲಾಗದ ದೂರು ಅಂತ ಒಂದು ನಮೂದು. ರೈಲ್ವೆ ಸ್ಟೇಷನ್ ಹೊರಗೆ ಬಾಳೆಹಣ್ಣು ಮಾರುವವಳ ದಿನದ ದುಡ್ಡು ಪೂರ್ತಿ ಹೋದರೂ ಅಷ್ಟೇ. ನನಗೆ ಇದು ಒಂಚೂರೂ ಸರಿ ಕಾಣುವುದಿಲ್ಲ.

ಕೇಸು ಜಾಸ್ತಿ ಹಾಕಿದರೆ ‘ಅಪರಾಧ ಹೆಚ್ಚಿತು’ ಅಂತ ಪೇಪರಿನವರು ಬರೆಯುತ್ತಾರೆ, ಪಾಪ ಠಾಣೆಯವರು ಬೈಸಿಕೊಳ್ಳಬೇಕು ಅಂತೀರಾ? ಕೇಸು ಹೆಚ್ಚುವುದು ಬೇರೆ, ಅಪರಾಧ ಹೆಚ್ಚುವುದು ಬೇರೆ ಅಂತ ಎನ್‌ಸಿಆರ್‌ಬಿ ತನ್ನ ವರದಿಯಲ್ಲೇ ಹೇಳುತ್ತದೆ. ಬೈಗುಳದ ಭಯಕ್ಕೆ ಬಡವನ ದೂರು ಬದಲಾಯಿಸುವುದು ನ್ಯಾಯವಾ?

ಒಂದು ಮಾತು ಯಾರಿಗೂ ಹೇಳಿರಲಿಲ್ಲ. ವರ್ಷಗಳ ಹಿಂದೆ ಲೇಡೀಸ್ ಡಬ್ಬದಲ್ಲಿ ಅಮ್ಮ ಕೊಟ್ಟ ಸರ ಹೋದಾಗ ನಾನೂ ‘ಗಹಾಳ್’ ಅಂತಲೇ ಸಹಿ ಹಾಕಿ ಬಂದಿದ್ದೆ. ಮನೆಯಲ್ಲೂ ಎಲ್ಲೋ ಬಿದ್ದುಹೋಯಿತು ಅಂದೆ. ಅಮ್ಮ ಹೋಗುವವರೆಗೂ ಅದನ್ನೇ ನಂಬಿದ್ದಳು.

ಗುರುವಾರ ಹುಡುಗನಿಗೆ ರಜೆ. ಫೋನಿನ ಬಿಲ್ಲು, ಐಎಂಇಐ ನಂಬರು ಎಲ್ಲ ತೆಗೆದಿಟ್ಟಿದ್ದೇವೆ. ದೂರನ್ನು ಮರಾಠಿಯಲ್ಲಿ ನಾನೇ ಬರೆದಿದ್ದೇನೆ. ಮೊದಲ ಸಾಲಿನಲ್ಲೇ ‘ಚೋರಿ’ ಅಂತಿದೆ.