ವಿಶ್ವಕಪ್ ಅರ್ಜಿ ಯಾವ ಟೇಬಲ್‌ನಲ್ಲಿದೆ ಸ್ವಾಮಿ?

2025ರ ಅಕ್ಟೋಬರ್ 15ರ ಬೆಳಿಗ್ಗೆ ನಾನು ಒಂದು ತಾಲೂಕು ಕಚೇರಿಯ ಬೆಂಚಿನ ಮೇಲೆ ಕೂತಿದ್ದೆ. ಯಾವ ತಾಲೂಕು ಅಂತ ಹೇಳೋದಿಲ್ಲ, ಕೆಲಸ ಇನ್ನೂ ಆಗಿಲ್ಲ. ಪಹಣಿಯಲ್ಲಿ ನಮ್ಮಜ್ಜನ ಹೆಸರಿನ ಒಂದು ಅಕ್ಷರ ತಪ್ಪಿದೆ, ಅದನ್ನು ಸರಿ ಮಾಡಿಸೋಕೆ ಇದು ಮೂರನೇ ವರ್ಷ. ಸಾಹೇಬರು ಮೀಟಿಂಗ್‌ನಲ್ಲಿದ್ದರು. ಸರ್ವರ್ ಮಲಗಿತ್ತು. ಹೊತ್ತು ಹೋಗಲಿ ಅಂತ ಮೊಬೈಲ್ ತೆಗೆದರೆ, ಹಿಂದಿನ ರಾತ್ರಿ ಗೋವಾದ ಮಡಗಾಂವಿನಲ್ಲಿ ಭಾರತ ಫುಟ್‌ಬಾಲ್ ತಂಡ ಸಿಂಗಾಪುರಕ್ಕೆ 1-2ರಿಂದ ಸೋತ ಸುದ್ದಿ.

ಅಲ್ಲಿಗೆ 2027ರ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯುವ ಕಥೆ ಮುಗಿಯಿತು. 2026ರ ವಿಶ್ವಕಪ್ ಕಥೆ ಅದಕ್ಕೂ ಮೊದಲೇ, 2024ರ ಜೂನ್‌ನಲ್ಲೇ ಮುಗಿದಿತ್ತು. ಮೊಬೈಲ್ ಜೇಬಿಗಿಟ್ಟು ಸುತ್ತ ನೋಡಿದೆ. ಧೂಳು ಹಿಡಿದ ಕಡತಗಳು, ಖಾಲಿ ಕುರ್ಚಿ, ಕುರ್ಚಿಗೆ ನೇತುಹಾಕಿದ ಟವೆಲ್ಲು. ಆಗ ಹೊಳೆಯಿತು ನೋಡಿ. ನಾವೆಲ್ಲ ಇಷ್ಟು ವರ್ಷ ಸುಮ್ನೆ ಕೋಚ್ ಸರಿ ಇಲ್ಲ, ಸ್ಟ್ರೈಕರ್ ಇಲ್ಲ ಅಂತ ತಲೆ ಕೆಡಿಸಿಕೊಂಡಿದ್ದೇವೆ. ಭಾರತದ ಫುಟ್‌ಬಾಲನ್ನು ತಂಡ ಅಂದುಕೊಂಡಿದ್ದೇ ತಪ್ಪು, ಅದೊಂದು ತಾಲೂಕು ಕಚೇರಿ. ಹಾಗೆ ನೋಡಿದರೆ ಎಲ್ಲವೂ ಅರ್ಥವಾಗುತ್ತದೆ.

ಮೊದಲು ಮುಹೂರ್ತದ ವಿಷಯ. ರಾಹುಕಾಲ ನೋಡದೆ ಕಡತಕ್ಕೆ ಸಹಿ ಹಾಕದ ಅಧಿಕಾರಿಗಳನ್ನು ನಾನು ಕಂಡಿದ್ದೇನೆ. ಆದರೆ 2022ರ ಜೂನ್‌ನಲ್ಲಿ ಏಷ್ಯನ್ ಕಪ್ ಅರ್ಹತಾ ಪಂದ್ಯಕ್ಕೆ ಮುಂಚೆ ರಾಷ್ಟ್ರೀಯ ತಂಡದ ಕೋಚ್ ಇಗೊರ್ ಸ್ಟಿಮಾಚ್ ಆಟಗಾರರ ಪಟ್ಟಿಯನ್ನು ಜ್ಯೋತಿಷಿಯೊಬ್ಬರಿಗೆ ಕಳಿಸಿ, ಯಾರ ಗ್ರಹಗತಿ ಹೇಗಿದೆ ಅಂತ ಕೇಳುತ್ತಿದ್ದರು ಎಂದು ಮರುವರ್ಷ ಪತ್ರಿಕೆಯಲ್ಲಿ ಬಂದಾಗ ನನಗೂ ಸ್ವಲ್ಪ ಜಾಸ್ತಿ ಆಯ್ತು ಅನ್ನಿಸಿತ್ತು. ಈ ಸಲಹೆಗೆ ಲಕ್ಷಗಟ್ಟಲೆ ಖರ್ಚೂ ಆಗಿತ್ತಂತೆ. ಕ್ರೊಯೇಷಿಯಾದವರು ಸ್ವಾಮಿ ಅವರು! 1998ರ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದ ತಂಡದಲ್ಲಿ ಆಡಿದವರು. ನಮ್ಮ ದೇಶಕ್ಕೆ ಬಂದು ಮೂರು ವರ್ಷದಲ್ಲಿ ಪಂಚಾಂಗ ಹಿಡಿದರು. ಅವರು ನಮಗೆ ಎಷ್ಟು ಆಟ ಕಲಿಸಿದರೋ ಗೊತ್ತಿಲ್ಲ, ನಾವಂತೂ ಅವರಿಗೆ ಚೆನ್ನಾಗೇ ಕಲಿಸಿದೆವು.

ಇಲ್ಲೊಂದು ತೊಂದರೆ ಇದೆ. ಆ ಸಲ ನಾವು ಆಡಿದ ಮೂರೂ ಪಂದ್ಯ ಗೆದ್ದೆವು. ಕೋಲ್ಕತ್ತದಲ್ಲಿ ಹಾಂಗ್‌ಕಾಂಗನ್ನು 4-0ಯಿಂದ ಹೊಡೆದೆವು. ಅದೇ ಹಾಂಗ್‌ಕಾಂಗ್ ಎದುರು 2025ರ ಜೂನ್‌ನಲ್ಲಿ 90 ನಿಮಿಷ ಮುಗಿದ ಮೇಲಿನ ಇಂಜುರಿ ಸಮಯದಲ್ಲಿ ಪೆನಾಲ್ಟಿ ಕೊಟ್ಟು 0-1ರಿಂದ ಸೋತೆವು. ಈಗ ನಮ್ಮೂರಿನ ಹಿರಿಯರೊಬ್ಬರು 'ನೋಡಿದೆಯಾ, ಜ್ಯೋತಿಷ್ಯ ಬಿಟ್ಟರೆ ಹೀಗೇ ಆಗೋದು' ಅಂತ ಮೀಸೆ ತಿರುವುತ್ತಾರೆ. ಏನಂತ ಉತ್ತರ ಕೊಡೋಣ?

ಇನ್ನು ವಿಶ್ವಕಪ್ ಅರ್ಜಿ. ಅರ್ಹತಾ ಪಂದ್ಯಗಳ ಎರಡನೇ ಸುತ್ತಿನ ನಮ್ಮ ಗುಂಪಿನಲ್ಲಿ ಕತಾರ್, ಕುವೈತ್, ಅಫ್ಘಾನಿಸ್ತಾನ ಮತ್ತು ನಾವು. ಮೊದಲ ಎರಡು ತಂಡ ಮೂರನೇ ಸುತ್ತಿಗೆ. ಇಷ್ಟು ಒಳ್ಳೆ ಗುಂಪು ಲಂಚ ಕೊಟ್ಟರೂ ಸಿಗುತ್ತಿರಲಿಲ್ಲ. 2023ರ ನವೆಂಬರ್‌ನಲ್ಲಿ ಕುವೈತಿಗೇ ಹೋಗಿ 1-0ಯಿಂದ ಗೆದ್ದು ಬಂದಾಗ ನಮ್ಮ ಓಣಿಯ ಹುಡುಗರು ವಿಶ್ವಕಪ್ ನಡೆಯುವ ಅಮೆರಿಕದ ವೀಸಾ ಬಗ್ಗೆ ಮಾತಾಡೋಕೆ ಶುರು ಮಾಡಿದ್ದರು. ಅದಾದ ಮೇಲೆ ಅಫ್ಘಾನಿಸ್ತಾನ. ಪಾಪ, ಅವರಿಗೆ ತಮ್ಮ ದೇಶದಲ್ಲಿ ಆಡುವ ಭಾಗ್ಯವೇ ಇಲ್ಲ, ಅವರ 'ತವರು' ಪಂದ್ಯ ನಡೆದದ್ದು ಸೌದಿ ಅರೇಬಿಯಾದಲ್ಲಿ. ಅವರ ಹಲವು ಆಟಗಾರರು ತಮ್ಮ ಫೆಡರೇಶನ್ ಮೇಲೆ ಮುನಿಸಿಕೊಂಡು ಮನೆಯಲ್ಲೇ ಉಳಿದಿದ್ದರು. ಅಂಥ ತಂಡದ ಜೊತೆ ಅಲ್ಲಿ 0-0. ಆಮೇಲೆ ಗುವಾಹಟಿಯಲ್ಲಿ, ನಮ್ಮದೇ ನೆಲದಲ್ಲಿ, ನಾಯಕ ಸುನಿಲ್ ಛೆಟ್ರಿಯ 150ನೇ ಪಂದ್ಯದಲ್ಲಿ, ಛೆಟ್ರಿಯೇ ಪೆನಾಲ್ಟಿಯಿಂದ ಗೋಲು ಹೊಡೆದು ಮುನ್ನಡೆ ತಂದುಕೊಟ್ಟ ಮೇಲೂ, 1-2ರ ಸೋಲು.

ಒಟ್ಟು 6 ಪಂದ್ಯ, 3 ಗೋಲು. ಅಂದರೆ ಮೂರು ಗಂಟೆಗೆ ಒಂದು. ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿದವನು ಮದ್ದೂರಿನಲ್ಲಿ ವಡೆ ತಿಂದು ಮೈಸೂರು ಮುಟ್ಟುವಷ್ಟರಲ್ಲಿ ನಮ್ಮವರು ಒಂದು ಗೋಲು ಹೊಡೆಯುತ್ತಾರೆ. ಅದೂ ಟ್ರಾಫಿಕ್ ಕಡಿಮೆ ಇದ್ದರೆ.

ಕೊನೆಯ ಪಂದ್ಯ ದೋಹಾದಲ್ಲಿ, 2024ರ ಜೂನ್ 11ಕ್ಕೆ. 73ನೇ ನಿಮಿಷದವರೆಗೂ ನಾವು 1-0 ಮುಂದೆ! ಆಗ ಬಾಲ್ ಗೆರೆ ದಾಟಿ ಆಚೆ ಹೋಯಿತು. ಕತಾರಿನವರು ಅದನ್ನು ಕಾಲಲ್ಲಿ ಎಳೆದುಕೊಂಡು ಒಳಗೆ ತಂದು ಗೋಲು ಹೊಡೆದರು. ರೆಫರಿ ಸರಿ ಅಂದರು. ಆ ಸುತ್ತಿನಲ್ಲಿ ವಿಡಿಯೊ ರೆಫರಿ ಸೌಲಭ್ಯವೂ ಇರಲಿಲ್ಲ. ಆಮೇಲೆ ಇನ್ನೊಂದು ಗೋಲು ಬಿತ್ತು, 1-2. ಇದು ಅನ್ಯಾಯವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅನ್ಯಾಯವಾದ ಮೇಲೆ ನಮ್ಮವರಿಗೆ ಎಲ್ಲಿಲ್ಲದ ಹುರುಪು ಬಂತು ನೋಡಿ! ಗಡಿ ತಕರಾರು ಅಂದರೆ ನಮಗೆ ಗೊತ್ತಿರುವ ಕೆಲಸ. ತಕ್ಷಣ ದೂರು, ತನಿಖೆಗೆ ಒತ್ತಾಯ, ಮೇಲಿನವರಿಗೆ ಪತ್ರ. ಮೈದಾನದಲ್ಲಿ ಕಾಣದ ವೇಗ ಟಪಾಲಿನಲ್ಲಿ ಕಂಡಿತು. ಒಬ್ಬ ಸರ್ವೇಯರ್ ಚೈನು ಹಿಡಿದು ದೋಹಾಕ್ಕೆ ಹೋಗೋದೊಂದು ಬಾಕಿ. ಗುವಾಹಟಿಯಲ್ಲಿ ಯಾವ ಬಾಲೂ ಗೆರೆ ದಾಟಿರಲಿಲ್ಲ, ಆದ್ದರಿಂದ ಅದರ ಬಗ್ಗೆ ಯಾರೂ ಪತ್ರ ಬರೆಯಲಿಲ್ಲ.

ಮೂರನೇ ಸುತ್ತಿಗೆ ಹೋಗದಿದ್ದರೆ ನಾನೇ ಬಿಟ್ಟು ಹೋಗುತ್ತೇನೆ ಅಂತ ಸ್ಟಿಮಾಚ್ ಮೊದಲೇ ಹೇಳಿದ್ದರು. ಬುದ್ಧಿ ಇದ್ದವರು ಸುಮ್ಮನೆ ನಾಲ್ಕು ದಿನ ಕಾಯುತ್ತಿದ್ದರು. ನಮ್ಮವರು ಅವಸರ ಅವಸರವಾಗಿ ವಜಾ ಮಾಡಿದರು, ಆಮೇಲೆ ಪರಿಹಾರ ಅಂತ ಸುಮಾರು 4 ಲಕ್ಷ ಡಾಲರ್ ಕೊಡಬೇಕಾಯಿತು ಅಂತ ಸುದ್ದಿ. ತಾನಾಗೇ ಎದ್ದು ಹೊರಟ ನೆಂಟನಿಗೆ ಬಾಗಿಲು ತೋರಿಸಿ, ಮೇಲೆ ಬಸ್ ಚಾರ್ಜು ಕೊಟ್ಟ ಹಾಗಾಯಿತು.

ಮುಂದಿನದು ನನಗೆ ತುಂಬಾ ಇಷ್ಟವಾದ ಭಾಗ. ಪ್ರಭಾರ! ಹೊಸ ಕೋಚ್ ಮನೋಲೊ ಮಾರ್ಕೆಜ್ ಆಗಲೇ ಎಫ್‌ಸಿ ಗೋವಾ ತಂಡದ ಕೋಚ್. ಆ ಕೆಲಸ ಬಿಡೋದು ಬೇಡ, ಇದನ್ನೂ ನೋಡಿಕೊಳ್ಳಿ ಅಂದರು. 140 ಕೋಟಿ ಜನರ ದೇಶದ ಫುಟ್‌ಬಾಲ್ ತಂಡ ಒಂದು ಇಡೀ ಸೀಸನ್ ಹೆಚ್ಚುವರಿ ಪ್ರಭಾರದಲ್ಲಿ ನಡೆಯಿತು. ಕಡೂರಿನ ಸಾಹೇಬರಿಗೆ ತರೀಕೆರೆಯನ್ನೂ ವಹಿಸಿದರೆ ಏನಾಗುತ್ತದೆ ಅಂತ ನಮಗೆ ಗೊತ್ತಿಲ್ವಾ? ಇಲ್ಲಿ ಕೇಳಿದರೆ ಅಲ್ಲಿದ್ದಾರೆ ಅಂತಾರೆ, ಅಲ್ಲಿ ಕೇಳಿದರೆ ಇಲ್ಲಿದ್ದಾರೆ ಅಂತಾರೆ. 2024ರಲ್ಲಿ ಇಡೀ ವರ್ಷ ಒಂದೇ ಒಂದು ಪಂದ್ಯ ಗೆಲ್ಲಲಿಲ್ಲ. ಪ್ರಭಾರದ ಅವಧಿಯಲ್ಲಿ 8 ಪಂದ್ಯ, 1 ಗೆಲುವು, ಅದು ಮಾಲ್ದೀವ್ಸ್ ಮೇಲೆ.

ಆ ಗೆಲುವಿಗೂ ಯಾರು ಬೇಕಾದರು ಹೇಳಿ? 2024ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಹಾರ ಹಾಕಿಸಿಕೊಂಡು, ಕಣ್ಣೀರಿನ ಬೀಳ್ಕೊಡುಗೆ ಪಡೆದು ನಿವೃತ್ತರಾಗಿದ್ದ ಛೆಟ್ರಿ! ಒಂಬತ್ತು ತಿಂಗಳಾದ ಮೇಲೆ, 40ನೇ ವಯಸ್ಸಿನಲ್ಲಿ ವಾಪಸ್ ಕರೆಸಿದರು. ಬಂದರು, ಗೋಲು ಹೊಡೆದರು. ಯಾವ ಕಚೇರಿಯಲ್ಲಾದರೂ ಕೆಲಸ ಗೊತ್ತಿರುವವನು ಒಬ್ಬನೇ ಇರುತ್ತಾನೆ, ಅವನು ನಿವೃತ್ತನಾದ ಮರುದಿನ ಯಾವ ಕಡತ ಎಲ್ಲಿದೆ ಅಂತ ಯಾರಿಗೂ ಗೊತ್ತಾಗದೆ ಗುತ್ತಿಗೆ ಆಧಾರದ ಮೇಲೆ ಮತ್ತೆ ಅವನನ್ನೇ ಕರೆಸುತ್ತಾರೆ. ಛೆಟ್ರಿಯ ಮೇಲೆ ನನಗೆ ಒಂದಿಷ್ಟೂ ಬೇಸರವಿಲ್ಲ. 2023ರಲ್ಲಿ ಕಂಠೀರವದಲ್ಲಿ ಕುವೈತನ್ನು ಪೆನಾಲ್ಟಿಯಲ್ಲಿ ಸೋಲಿಸಿ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಎತ್ತಿದ ರಾತ್ರಿ ಗಂಟಲು ಹರಿದುಕೊಂಡು ಕೂಗಿದವನು ನಾನು. ಆ ತಿಂಗಳು ನಮ್ಮ ರ‍್ಯಾಂಕು 99 ಆಗಿತ್ತು. 2025ರ ನವೆಂಬರ್ ಹೊತ್ತಿಗೆ 142. ಬೆಲೆಗಳೂ ರ‍್ಯಾಂಕೂ ಒಂದೇ ದಿಕ್ಕಿನಲ್ಲಿ ಏರುತ್ತಿವೆ ಅನ್ನೋದೊಂದೇ ಸಮಾಧಾನ.

ನವೆಂಬರ್ ಅಂದಾಗ ನೆನಪಾಯಿತು, ಢಾಕಾ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತದವರಾದರು. ತಂಡದ ಜೊತೆ ಢಾಕಾಕ್ಕೂ ಹೋದರು. ಆಡಲಿಲ್ಲ. ಯಾಕೆ? ಎನ್‌ಒಸಿ ಬಂದಿರಲಿಲ್ಲ! ಒಬ್ಬ ಮನುಷ್ಯ ದೇಶವನ್ನೇ ಬದಲಾಯಿಸಿಕೊಂಡು ಬಂದರೂ ಒಂದು ಕಾಗದ ಬರಲಿಲ್ಲ. ಆ ಪಂದ್ಯವನ್ನು ಬಾಂಗ್ಲಾದೇಶ 1-0ಯಿಂದ ಗೆದ್ದಿತು. ಅವರು ನಮ್ಮನ್ನು ಸೋಲಿಸಿ 22 ವರ್ಷ ಆಗಿತ್ತಂತೆ. ವಿಲಿಯಮ್ಸ್‌ಗೆ ಆ ದಿನ ಪೂರ್ತಿ ಭಾರತೀಯನಾದ ಅನುಭವ ಆಗಿರಬೇಕು.

ಹೊರಗೆ ಹೀಗಿದ್ದರೆ ಮನೆಯಲ್ಲಿ ಇನ್ನೊಂದು. ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಐಎಸ್‌ಎಲ್ ನಡೆಸೋಕೆ ಯಾರಾದರೂ ಬನ್ನಿ ಅಂತ ಟೆಂಡರ್ ಕರೆದರು. ಕೊನೆಯ ದಿನ ಪೆಟ್ಟಿಗೆ ತೆರೆದರೆ ಖಾಲಿ. ರಸ್ತೆ ಗುಂಡಿ ಮುಚ್ಚುವ ಟೆಂಡರಿಗೂ ನಾಲ್ಕು ಜನ ಬಂದು ಹೊಡೆದಾಡುವ ದೇಶ ಇದು! ಐಎಸ್‌ಎಲ್ 2025ರಲ್ಲಿ ಶುರುವಾಗಲೇ ಇಲ್ಲ. ಆಟಗಾರರು ಆಡೋಕೆ ಬಿಡಿ ಅಂತ ಬಹಿರಂಗವಾಗಿ ಬೇಡಿಕೊಂಡರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮೆಸ್ಸಿ ಕೋಲ್ಕತ್ತಕ್ಕೆ ಬಂದರು. ಜನ ಸಾವಿರಾರು ರೂಪಾಯಿ ಕೊಟ್ಟು ಒಳಗೆ ಹೋದರೆ ಕಂಡದ್ದು ಮೆಸ್ಸಿಯ ಸುತ್ತ ನಿಂತ ಗಣ್ಯರ ಬೆನ್ನು. ಕುರ್ಚಿಗಳು ಹಾರಿದವು. ಆಡುವವರಿಗೆ ಲೀಗ್ ಇಲ್ಲ, ನೋಡುವವರಿಗೆ ಮೆಸ್ಸಿ ಇಲ್ಲ, ಸೆಲ್ಫಿ ತೆಗೆಸಿಕೊಂಡವರಿಗೆ ಮಾತ್ರ ಯಾವ ಕೊರತೆಯೂ ಆಗಲಿಲ್ಲ.

'ಭಾರತ ಯಾವತ್ತೂ ವಿಶ್ವಕಪ್‌ಗೆ ಅರ್ಹತೆ ಪಡೆದೇ ಇಲ್ಲ' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪಡೆದಿದ್ದೇವೆ, 1950ರಲ್ಲಿ. ನಮ್ಮ ಗುಂಪಿನಲ್ಲಿದ್ದ ಬೇರೆ ತಂಡಗಳೆಲ್ಲ ಹಿಂದೆ ಸರಿದವು, ಒಂದು ಪಂದ್ಯವೂ ಆಡದೆ ಅರ್ಜಿ ಮಂಜೂರಾಯಿತು. ನಾವು ಹೋಗಲಿಲ್ಲ. ಬರಿಗಾಲಲ್ಲಿ ಆಡೋಕೆ ಬಿಡಲಿಲ್ಲ, ಅದಕ್ಕೇ ಹೋಗಲಿಲ್ಲ ಅಂತ ಒಂದು ಚಂದದ ಕಥೆ ಇದೆ. ನಿಜ ಅಷ್ಟು ಚಂದವಿಲ್ಲ. ಆಗಿನ ದೊಡ್ಡವರಿಗೆ ಒಲಿಂಪಿಕ್ಸ್ ಒಂದೇ ಆಟ, ವಿಶ್ವಕಪ್ ಅಷ್ಟೇನೂ ಮುಖ್ಯ ಅನ್ನಿಸಲಿಲ್ಲ. ಮಂಜೂರಾತಿ ಪತ್ರ ಕೈಗೆ ಬಂದರೂ ಬ್ರೆಜಿಲ್‌ಗೆ ಹೋಗುವ ಮನಸ್ಸಾಗಲಿಲ್ಲ. ಅವತ್ತಿನಿಂದ ಅದೇ ಪತ್ರಕ್ಕೆ ಸಾಲಿನಲ್ಲಿ ನಿಂತಿದ್ದೇವೆ. 2026ರ ವಿಶ್ವಕಪ್‌ನಲ್ಲಿ 48 ತಂಡ, ಏಷ್ಯಾಕ್ಕೆ ನೇರವಾಗಿ 8 ಜಾಗ. ಒಂದೂವರೆ ಲಕ್ಷದ ಆಸುಪಾಸಿನ ಜನಸಂಖ್ಯೆಯ ಕುರಸಾವೊ ಅನ್ನೋ ದ್ವೀಪ ಕೂಡ ಅರ್ಹತೆ ಪಡೆಯಿತು. ನಮ್ಮ ಒಂದು ಸಾಧಾರಣ ತಾಲೂಕಿನಷ್ಟು ಜನ. ಬಹುಶಃ ಅಲ್ಲಿ ತಾಲೂಕು ಕಚೇರಿ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ಇಷ್ಟು ಹೊತ್ತು ಕೂತಿದ್ದೇ ಇದಕ್ಕೆ. 2025ರ ಜುಲೈನಲ್ಲಿ ಮಾರ್ಕೆಜ್ ಹೋದ ಮೇಲೆ ಕೋಚ್ ಹುದ್ದೆಗೆ ಅರ್ಜಿ ಕರೆದರು. 170 ಅರ್ಜಿ ಬಂದವು. ಅದರಲ್ಲಿ ಒಂದು, ಬಾರ್ಸಿಲೋನಾ ಕ್ಲಬ್ಬಿನ ಹೆಸರಾಂತ ಆಟಗಾರ, ಆಮೇಲೆ ಅಲ್ಲೇ ಕೋಚ್ ಆಗಿದ್ದ ಚಾವಿ ಹೆರ್ನಾಂಡಿಸ್ ಅವರದು! ಕಚೇರಿಯಲ್ಲಿ ಕೂತು ಗಂಭೀರವಾಗಿ ಪರಿಶೀಲಿಸಿದರಂತೆ. ಒಳ್ಳೆಯವರೇ, ಆದರೆ ಅಷ್ಟು ದುಡ್ಡು ಎಲ್ಲಿಂದ ತರೋದು ಅಂತ ಕೈಬಿಟ್ಟರಂತೆ. ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಸುದ್ದಿ, 'ಭಾರತ ಚಾವಿಯನ್ನು ತಿರಸ್ಕರಿಸಿತು' ಅಂತ. ಒಂದೆರಡು ದಿನ ಕಳೆದ ಮೇಲೆ ಫೆಡರೇಶನ್ನೇ ಹೇಳಿತು, ಚಾವಿ ಮತ್ತು ಇನ್ನೊಬ್ಬ ಹೆಸರಾಂತ ಕೋಚ್ ಪೆಪ್ ಗಾರ್ಡಿಯೋಲಾ ಹೆಸರಿನಲ್ಲಿ ಬಂದ ಇಮೇಲ್‌ಗಳು ನಿಜವಾದವಲ್ಲ ಅಂತ. ಯಾರೋ ಹುಡುಗ ಆಟ ಆಡಿದ್ದ.

ನನ್ನ ಅಜ್ಜನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದ್ದಕ್ಕೆ ಆಧಾರ್, ವಂಶವೃಕ್ಷ, ಅಫಿಡವಿಟ್, ಇಬ್ಬರು ಸಾಕ್ಷಿ ಕೇಳಿ, ಎಲ್ಲ ಕೊಟ್ಟ ಮೇಲೂ ಹಿಂಬರಹ ಕೊಟ್ಟು ಕಳಿಸುತ್ತಾರೆ. ಚಾವಿಗೆ ಒಂದು ಫೋನೂ ಮಾಡಿ ಕೇಳಲಿಲ್ಲ.

ಇರಲಿ. ಕೋಚ್ ಹುದ್ದೆ ಇಲ್ಲಿ ಜಾಸ್ತಿ ದಿನ ಭರ್ತಿಯಾಗಿ ಇರೋದಿಲ್ಲ, ಇವತ್ತಲ್ಲ ನಾಳೆ ಮತ್ತೆ ಅರ್ಜಿ ಕರೆಯುತ್ತಾರೆ. ನಾನೂ ಒಂದು ಇಮೇಲ್ ತಯಾರು ಮಾಡಿಟ್ಟಿದ್ದೇನೆ. ಹೆಸರಿನ ಜಾಗದಲ್ಲಿ ಚಾವಿ ಅಂತಲೇ ಇದೆ, ಸಂಬಳದ ಜಾಗದಲ್ಲಿ ಮಾತ್ರ ಈ ಸಲ ಸ್ವಲ್ಪ ಕಡಿಮೆ ಬರೆದಿದ್ದೇನೆ.