ಮೆನುವಿನ ಕೊನೇ ಪುಟ

ನಮ್ಮ ಬೀದಿಯ ತಿರುವಿನಲ್ಲಿ ಒಂದು ಹೋಟೆಲ್ ಇದೆ. ಹೊರದೇಶದಲ್ಲಿ ಇರುವ ಬಹಳ ಜನಕ್ಕೆ ಇಂಥದ್ದೊಂದು ಗೊತ್ತಿರುತ್ತದೆ. ಬೋರ್ಡಿನ ಮೇಲೆ ಹಿಮದ ಬೆಟ್ಟ, ಅದರ ಕೆಳಗೆ ‘ನೇಪಾಳಿ ಮತ್ತು ಇಂಡಿಯನ್ ಊಟ’ ಅಂತ ಬರಹ. ಒಳಗೆ ಹೋದರೆ ಗೋಡೆ ಮೇಲೆ ಸ್ತೂಪದ ಬುದ್ಧನ ಕಣ್ಣು, ಗಲ್ಲಾ ಪಕ್ಕದಲ್ಲಿ ಗಣಪತಿ. ಮೂರು ವರ್ಷದಿಂದ ಹೋಗುತ್ತಿದ್ದೇನೆ. ಅದರಲ್ಲಿ ಎರಡು ವರ್ಷ ಆ ಬೋರ್ಡಿನ ಅರ್ಧ ಮಾತ್ರ ಓದಿದ್ದೆ.

ಹೋಗುವುದು, ಮೆನು ಬಿಡಿಸದೇ ಬಟರ್ ಚಿಕನ್ನು, ಎರಡು ನಾನ್ ಹೇಳುವುದು. ತಿಂದು ಮನೆಗೆ ಬಂದು ‘ಅಸಲಿ ರುಚಿ ಇಲ್ಲ ಬಿಡು’ ಅಂತ ಗೊಣಗುವುದು. ಮುಂದಿನ ವಾರ ಮತ್ತೆ ಅಲ್ಲಿಗೇ. ಈ ಗೊಣಗಾಟ ನನ್ನೊಬ್ಬಳದ್ದಲ್ಲ. ನಮ್ಮವರು ನಾಲ್ಕು ಜನ ಸೇರಿದರೆ ಸಾಕು, ಒಂದು ಕೆಂಪು ಗ್ರೇವಿ, ಒಂದು ಬಿಳಿ ಗ್ರೇವಿ, ಒಂದು ಪಾಲಕ್, ಅದಕ್ಕೇ ನಲವತ್ತು ಹೆಸರು ಅಂತ ಶುರುವಾಗುತ್ತದೆ. ಮಾತು ಸುಳ್ಳೇನಲ್ಲ. ಅಡುಗೆಮನೆಯಲ್ಲಿ ಇರುವುದು ಮೂರು ಜನ, ಮೆನುವಿನಲ್ಲಿ ನೂರಕ್ಕೂ ಜಾಸ್ತಿ ಐಟಂ. ಬೆಳಿಗ್ಗೆ ದೊಡ್ಡ ಪಾತ್ರೆಯಲ್ಲಿ ಈರುಳ್ಳಿ, ಟೊಮೆಟೊ ಬೇಯಿಸಿ ರುಬ್ಬಿ ಇಟ್ಟುಕೊಳ್ಳದೆ ಇನ್ನೇನು ಮಾಡಬೇಕು ಅವರು?

ಹೋದ ವರ್ಷ ಒಂದು ದಿನ ಅಲ್ಲಿ ಛತ್ರಿ ಮರೆತು ಬಂದಿದ್ದೆ. ಮಧ್ಯಾಹ್ನ ಮೂರು ಗಂಟೆಗೆ ತರಲು ಹೋದೆ. ಗಿರಾಕಿಗಳು ಯಾರೂ ಇರಲಿಲ್ಲ. ಮೂಲೆಯ ಟೇಬಲ್ಲಿನಲ್ಲಿ ಅಡುಗೆ ಮಾಡುವ ದಾಯ್, ಗಲ್ಲಾದಲ್ಲಿ ಕೂರುವ ದೀದಿ, ಪಾತ್ರೆ ತೊಳೆಯುವ ಹುಡುಗ, ಮೂವರೂ ಊಟಕ್ಕೆ ಕೂತಿದ್ದರು. ದಾಯ್ ಅಂದರೆ ನೇಪಾಳಿಯಲ್ಲಿ ಅಣ್ಣ, ಅಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಾರೆ. ಸ್ಟೀಲ್ ತಟ್ಟೆಯ ನಡುವೆ ಅನ್ನದ ಗುಡ್ಡೆ. ಬಟ್ಟಲಲ್ಲಿ ಕಪ್ಪಗಿನ ಬೇಳೆ. ಪಕ್ಕದಲ್ಲಿ ಸೊಪ್ಪು, ಕೆಂಪು ಉಪ್ಪಿನಕಾಯಿ, ಮತ್ತೆ ಒಣಗಿದ ಎಲೆಯನ್ನು ಬೇಯಿಸಿದ ಹಾಗಿದ್ದ ಕಂದು ಬಣ್ಣದ ಏನೋ ಒಂದು. ಎರಡು ವರ್ಷದಲ್ಲಿ ನಾನು ಅಲ್ಲಿ ತಿಂದ ಒಂದು ಪದಾರ್ಥವೂ ಆ ತಟ್ಟೆಯಲ್ಲಿ ಇರಲಿಲ್ಲ.

ದೀದಿ ತಲೆ ಎತ್ತಿ ‘ಖಾನಾ ಖಾನು ಭಯೋ?’ ಅಂದರು.

ಯಾರೂ ಅರ್ಥ ಹೇಳಬೇಕಾಗಲಿಲ್ಲ. ಊಟ ಆಯ್ತಾ ಅಂತ. ನೇಪಾಳದಲ್ಲೂ ಎದುರಾದವರನ್ನು ಹೀಗೇ ಮಾತಾಡಿಸುತ್ತಾರಂತೆ. ಹೊಟ್ಟೆ ವಿಚಾರಿಸಿಕೊಂಡೇ ಮಾತು ಶುರು ಮಾಡುವವರು ನಾವು ಮಾತ್ರ ಅಂದುಕೊಂಡಿದ್ದೆ! ಆಯ್ತು ಅಂದರೂ ಬಿಡಲಿಲ್ಲ. ಕುರ್ಚಿ ಎಳೆದು ಕೂರಿಸಿ ತಟ್ಟೆ ಇಟ್ಟರು.

ಮೊದಲು ಬೇಳೆ. ಸಿಪ್ಪೆ ತೆಗೆಯದ ಉದ್ದು, ಅದಕ್ಕೇ ಆ ಬಣ್ಣ. ತುಪ್ಪದಲ್ಲಿ ಜಿಂಬು ಹಾಕಿ ಒಗ್ಗರಣೆ ಕೊಟ್ಟಿದ್ದರು. ಒಣಹುಲ್ಲಿನ ಎಳೆಗಳ ಹಾಗೆ ಕಾಣುವ ಜಿಂಬು ಈರುಳ್ಳಿ ಜಾತಿಯದ್ದು, ನೇಪಾಳದ ಮುಸ್ತಾಂಗ್ ಕಡೆಯ ಎತ್ತರದ ಬೆಟ್ಟಗಳಿಂದ ಬರುತ್ತದೆ. ಹಾಗೇ ಮೂಸಿದರೆ ಏನೂ ಇಲ್ಲ. ಬಿಸಿ ತುಪ್ಪಕ್ಕೆ ಬಿದ್ದರೆ ಈರುಳ್ಳಿಯೂ ಅಲ್ಲದ ಬೆಳ್ಳುಳ್ಳಿಯೂ ಅಲ್ಲದ ಒಂದು ಘಮ. ಕಂದು ಬಣ್ಣದ್ದು ಗುಂದ್ರುಕ್. ಸಾಸಿವೆ ಸೊಪ್ಪು, ಮೂಲಂಗಿ ಸೊಪ್ಪನ್ನು ಬಾಡಿಸಿ, ಪಾತ್ರೆಯಲ್ಲಿ ಗಟ್ಟಿಯಾಗಿ ಒತ್ತಿ ಕೆಲವು ದಿನ ಹುಳಿ ಬರಲು ಬಿಡುತ್ತಾರೆ. ಆಮೇಲೆ ಬಿಸಿಲಲ್ಲಿ ಒಣಗಿಸಿ ಇಡುತ್ತಾರೆ. ಹಸಿ ಸೊಪ್ಪು ಸಿಗದ ಚಳಿಗಾಲಕ್ಕೆ ಮಾಡಿಕೊಂಡ ದಾರಿ ಇದು. ಹುಳಿ ಅಂದರೆ ಹುಣಸೆಯ ಹುಳಿ ಅಲ್ಲ, ಮೊಸರಿನದ್ದೂ ಅಲ್ಲ, ಸ್ವಲ್ಪ ಮಣ್ಣಿನ ವಾಸನೆ ಸೇರಿದ ಹುಳಿ. ಉಪ್ಪಿನಕಾಯಿಯಲ್ಲಿ ತಿಮುರ್ ಇತ್ತು. ಮೆಣಸಿನ ಕಾಳಿನ ಹಾಗೆ ಕಾಣುತ್ತದೆ, ಖಾರ ಮಾತ್ರ ಆ ಥರದ್ದಲ್ಲ. ನಿಂಬೆ ಸಿಪ್ಪೆಯ ವಾಸನೆ ಬಂತು ಅನ್ನುವಷ್ಟರಲ್ಲಿ ನಾಲಿಗೆ ತುದಿ ಜುಮ್ಮೆಂದು ಮರಗಟ್ಟಿತು.

ಊಟ ಮುಗಿಸಿ ಕೇಳಿದೆ, ಇದನ್ನೆಲ್ಲ ಯಾಕೆ ಮೆನುವಿನಲ್ಲಿ ಹಾಕಿಲ್ಲ ದೀದಿ?

ಹಾಕಿದ್ದೀವಲ್ಲ ಅಂತ ಮೆನು ತಿರುವಿ ತೋರಿಸಿದರು. ಗುಲಾಬ್ ಜಾಮೂನು, ಲಸ್ಸಿ, ತಂಪು ಪಾನೀಯ ಎಲ್ಲ ಮುಗಿದ ಮೇಲೆ ಕೊನೇ ಪುಟದಲ್ಲಿ ಎಂಟು ಹತ್ತು ಸಾಲು. ‘ಯಾರು ಕೇಳ್ತಾರೆ ಬಹಿನಿ? ಈ ಊರಿನವರು ನಾನ್ ಕೇಳ್ತಾರೆ. ಇಂಡಿಯಾದಿಂದ ಬಂದ ನೀವೂ ನಾನ್ ಅನ್ನೇ ಕೇಳ್ತೀರಿ’ ಅಂದರು. ಬಹಿನಿ ಅಂದರೆ ತಂಗಿ. ಬೈದಂತೆ ಇರಲಿಲ್ಲ, ನಗುತ್ತಲೇ ಹೇಳಿದರು. ನನಗೆ ಮಾತ್ರ ಚುರುಕ್ ಅಂತು.

ದಾಯ್ ಅಡುಗೆ ಕಲಿತದ್ದು ದಿಲ್ಲಿಯಲ್ಲಿ. ಹುಡುಗನಾಗಿದ್ದಾಗ ಹೋಗಿ ಪಾತ್ರೆ ತೊಳೆಯುವುದರಿಂದ ಶುರು ಮಾಡಿ, ತಂದೂರಿನ ಮುಂದೆ ನಿಲ್ಲುವವರೆಗೆ ಬಂದವರು. ಇಂಥ ಕಥೆಗಳು ಸಾವಿರಾರು ಇವೆ. 1950ರ ಭಾರತ–ನೇಪಾಳ ಒಪ್ಪಂದದಿಂದಾಗಿ ಎರಡೂ ದೇಶದವರು ವೀಸಾ ಇಲ್ಲದೆ ಹೋಗಿ ಬಂದು ಕೆಲಸ ಮಾಡಬಹುದು. ನಮ್ಮ ದೇಶದ ಎಷ್ಟೋ ಹೋಟೆಲುಗಳ ಒಲೆ ಮುಂದೆ ನಿಂತವರು ಇವರೇ. ನಾನು ‘ಅಸಲಿ ಅಲ್ಲ’ ಅಂತ ಗೊಣಗುತ್ತಿದ್ದ ಬಟರ್ ಚಿಕನ್ನನ್ನು ಅವರು ಅದರ ತವರೂರಲ್ಲೇ ಕಲಿತು ಬಂದಿದ್ದಾರೆ. ನಾನು ದಿಲ್ಲಿಯನ್ನು ರೈಲಿನ ಕಿಟಕಿಯಿಂದ ನೋಡಿದವಳು. ಆ ಗ್ರೇವಿಗೆ ಸಕ್ಕರೆ, ಕೆನೆ ಜಾಸ್ತಿ ಬೀಳುತ್ತಿರುವುದು ಇಲ್ಲಿನ ಗಿರಾಕಿಗಳ ನಾಲಿಗೆಗಾಗಿ, ಅಷ್ಟೇ.

ಬೋರ್ಡಿನ ಮೇಲೆ ಇಂಡಿಯಾ ಯಾಕೆ ಬೇಕು ಅನ್ನುವುದೂ ಆವತ್ತೇ ಅರ್ಥವಾಯಿತು. ಹೋಟೆಲಿನ ಬಾಡಿಗೆ ಕಟ್ಟುವುದು ನಾನ್ ಮಾರಿದ ದುಡ್ಡು. ಜಪಾನಿನಲ್ಲಿ ‘ಇಂಡಿಯನ್’ ಹೋಟೆಲು ಅಂತ ಬೀದಿ ಬೀದಿಯಲ್ಲಿ ಕಾಣುವುದರಲ್ಲಿ ಬಹಳಷ್ಟನ್ನು ನಡೆಸುವವರು ನೇಪಾಳಿಗಳು. ತಟ್ಟೆಯಿಂದ ಹೊರಗೆ ಚಾಚಿಕೊಂಡಿರುವ ನಾನ್, ಜೊತೆಗೆ ಬಟರ್ ಚಿಕನ್. ಇಂಥ ಹೋಟೆಲುಗಳಿಗೆ ಇಂಡಿಯಾ, ನೇಪಾಳ ಎರಡೂ ಸೇರಿಸಿ ‘ಇನ್‌ನೇಪಾ’ ಅಂತ ಅಲ್ಲಿ ಅಡ್ಡಹೆಸರೇ ಇದೆ. ಬ್ರಿಟನ್ನಿಗೆ ನೇಪಾಳಿಗಳು ಹೋದ ದಾರಿ ಬೇರೆ, ಅದು ಬ್ರಿಟಿಷ್ ಸೈನ್ಯಕ್ಕೆ ಸೇರಿದ ಗೂರ್ಖಾಗಳದ್ದು. 1947ರಲ್ಲಿ ಹತ್ತು ಗೂರ್ಖಾ ರೆಜಿಮೆಂಟುಗಳಲ್ಲಿ ಆರು ಭಾರತಕ್ಕೆ, ನಾಲ್ಕು ಬ್ರಿಟನ್ನಿಗೆ ಹೋದವು. 2009ರಲ್ಲಿ ಹಳೇ ಸೈನಿಕರಿಗೂ ಅಲ್ಲಿ ನೆಲೆಸಲು ಅವಕಾಶ ಸಿಕ್ಕಿತು. ಆಲ್ಡರ್‌ಶಾಟ್‌ನಂಥ ಸೈನ್ಯದ ಊರಲ್ಲಿ ಅಷ್ಟೊಂದು ನೇಪಾಳಿಗಳು ಇರುವುದು ಅದಕ್ಕೇ. ಎಲ್ಲಿಗೆ ಹೋದರೂ ಪರಿಚಯದ ಚೀಟಿ ಮಾತ್ರ ನಮ್ಮ ಊಟದ್ದು.

ಆವತ್ತಿನಿಂದ ನಾನು ಮೆನುವನ್ನು ಹಿಂದಿನಿಂದ ತೆರೆಯುತ್ತೇನೆ. ಎಲ್ಲವೂ ಇಷ್ಟವಾಯಿತು ಅಂತ ಸುಮ್ನೆ ಹೇಳುವುದಿಲ್ಲ. ಬಿದಿರಿನ ಕಳಲೆ, ಆಲೂಗಡ್ಡೆ, ಅಲಸಂದೆ ಹಾಕಿದ ಹುಳಿಹುಳಿಯಾದ ಆಲೂ ತಾಮಾ ಮೊದಲ ಸಲ ಅರ್ಧಕ್ಕೇ ಬಿಟ್ಟೆ, ಆ ವಾಸನೆ ತಡೆಯಲಾಗಲಿಲ್ಲ. ಮೂರನೇ ಸಲಕ್ಕೆ ಒಗ್ಗಿತು. ಹುರಿದ ಸೋಯಾ ಕಾಳಿಗೆ ಶುಂಠಿ, ಹಸಿಮೆಣಸು, ಈರುಳ್ಳಿ, ನಿಂಬೆ, ಸಾಸಿವೆ ಎಣ್ಣೆ ಹಾಕಿ ಕಲಸುವ ಭಟ್ಮಾಸ್ ಸಾಂಧೆಕೋ ಮಾತ್ರ ಮೊದಲ ತುತ್ತಿಗೇ ಗೆದ್ದಿತು. ಅದರ ಜೊತೆ ಅವಲಕ್ಕಿ. ನಮ್ಮ ಹಾಗೆ ನೆನೆಸುವುದಿಲ್ಲ, ಒಣದನ್ನೇ ಕರುಂಕುರುಂ ಅಂತ ತಿನ್ನುತ್ತಾರೆ.

ಇನ್ನು ಮೊಮೊ. ಇದರ ಬಗ್ಗೆ ನನಗೆ ಬಲವಾದ ಅಭಿಪ್ರಾಯಗಳಿವೆ, ಜಗಳಕ್ಕೂ ಸಿದ್ಧ. ಲಾಸಾಕ್ಕೆ ವ್ಯಾಪಾರಕ್ಕೆ ಹೋಗಿ ಬರುತ್ತಿದ್ದ ಕಾಠ್ಮಂಡುವಿನ ನೇವಾರರು ಇದನ್ನು ಟಿಬೆಟ್ಟಿನಿಂದ ತಂದರು ಅನ್ನುತ್ತಾರೆ. ಅಲ್ಲಿಂದ ಬಂದದ್ದಕ್ಕೆ ಜೀರಿಗೆ, ಕೊತ್ತಂಬರಿ, ಶುಂಠಿ ಬೆಳ್ಳುಳ್ಳಿ ಸೇರಿಸಿ, ಪಕ್ಕದಲ್ಲಿ ಟೊಮೆಟೊ, ಎಳ್ಳಿನ ಅಚಾರ್ ಇಟ್ಟಿದ್ದು ನೇಪಾಳ. ಆ ಅಚಾರೇ ಅರ್ಧ ಮೊಮೊ. ಸಾಸ್ ಬಾಟಲಿ ಕೇಳುವವರ ಪಕ್ಕ ನಾನು ಕೂರುವುದಿಲ್ಲ. ಹೊರಗಿನ ಹಾಳೆ ತೆಳ್ಳಗಿರಬೇಕು, ಕಚ್ಚಿದರೆ ಒಳಗಿನ ರಸ ಬಾಯಿಯಲ್ಲೇ ಒಡೆಯಬೇಕು. ಮಡಿಕೆಗಳೆಲ್ಲ ಅಚ್ಚು ಹಾಕಿದಂತೆ ಒಂದೇ ಥರ ಇದ್ದರೆ ನನಗೆ ಫ್ರೀಜರ್ ಪ್ಯಾಕೆಟ್ಟಿನ ಅನುಮಾನ. ನಮ್ಮ ದೀದಿ ಮಡಿಸಿದ್ದರಲ್ಲಿ ಒಂದು ಬಲಕ್ಕೆ ವಾಲುತ್ತದೆ, ಇನ್ನೊಂದು ಎಡಕ್ಕೆ. ನನಗೆ ಅವೇ ಬೇಕು.

ತಕರಾರು ಇಲ್ಲ ಅಂತಲ್ಲ. ಗುಂದ್ರುಕ್ ಇದೆಯಾ ಅಂದರೆ ವಾರದಲ್ಲಿ ನಾಲ್ಕು ದಿನ ಇಲ್ಲ. ಟಿವಿ ಸದ್ದು ತಲೆ ಚಿಟ್ಟು ಹಿಡಿಸುತ್ತದೆ. ಆದರೆ ಹೋದ ತಿಂಗಳು ನಮ್ಮದೇ ಗುಂಪೊಂದು ‘ಇಂಡಿಯನ್ ಖಾರ’ ಇಲ್ಲ ಅಂತ ಪನೀರನ್ನು ಎರಡು ಸಲ ವಾಪಸ್ ಕಳಿಸಿ, ಕೊನೆಗೆ ಬಿಲ್ಲಿನಲ್ಲಿ ಚೌಕಾಸಿಗೆ ಇಳಿದಾಗ ನನಗೆ ಟೇಬಲ್ ಕೆಳಗೆ ಹೋಗಿ ಕೂರುವಂತಾಯಿತು. ನಾವು ಅಲ್ಲಿ ಊಟಕ್ಕೆ ಹೋಗಿದ್ದೆವಾ, ತಪಾಸಣೆಗೆ ಹೋಗಿದ್ದೆವಾ?

ಬಟರ್ ಚಿಕನ್ ಬಿಡಿ ಅಂತ ಹೇಳುತ್ತಿಲ್ಲ. ನಮ್ಮ ಮಕ್ಕಳು ಬಿಡುವುದೂ ಇಲ್ಲ. ಆದರೆ ಅದರ ಜೊತೆ ಕೊನೇ ಪುಟದಿಂದ ಒಂದಾದರೂ ಹೇಳಿ. ದಾಲ್ ಭಾತ್ ತರ್ಕಾರಿ ಹೇಳಿದರೆ ಅನ್ನ, ಬೇಳೆ, ಪಲ್ಯ ಖಾಲಿಯಾದಂತೆ ಬಡಿಸುತ್ತಲೇ ಇರುತ್ತಾರೆ. ‘ಪುಗ್ಯೋ’ ಅಂದರೆ ಸಾಕು ಅಂತ. ಒಂದು ಸಲ ಅಂದರೆ ಯಾರೂ ನಂಬುವುದಿಲ್ಲ, ತಟ್ಟೆಗೆ ಕೈ ಅಡ್ಡ ಹಿಡಿಯಬೇಕು.

ಕಳೆದ ಶುಕ್ರವಾರ ಒಂದು ದಿನ ಮೊದಲೇ ಹೇಳಿ ಢಿಡೋ ಮಾಡಿಸಿದೆ. ಕುದಿಯುವ ನೀರಿಗೆ ಹಿಟ್ಟು ಹಾಕಿ, ಕೋಲಿನಿಂದ ತಿರುವಿ ತಿರುವಿ ಗಟ್ಟಿ ಮಾಡಿ ಇಳಿಸುತ್ತಾರೆ. ಹಿಟ್ಟು ಕೋದೋದ್ದು. ಕೋದೋ ಅಂದರೆ ಏನು ಅಂತ ಒಳಗೆ ಹೋಗಿ ಡಬ್ಬ ತೆಗೆಸಿ ನೋಡಿದೆ. ರಾಗಿ!

ದಾಯ್ ತಾವೇ ತಟ್ಟೆ ತಂದಿಟ್ಟು ಪಕ್ಕದಲ್ಲಿ ನಿಂತರು. ಹೊಸಬಳು ಕಷ್ಟಪಡುತ್ತಾಳೇನೋ ಅಂತ ಅವರಿಗೆ ಚಿಂತೆ. ‘ಬಹಿನಿ, ಇದನ್ನು ಅಗಿಯಬಾರದು. ಬೆರಳಲ್ಲಿ ಮುರಿದು, ಗುಂದ್ರುಕ್ ರಸದಲ್ಲಿ ಅದ್ದಿ, ಹಾಗೇ ನುಂಗಬೇಕು’ ಅಂತ ನಿಧಾನವಾಗಿ, ಮಗುವಿಗೆ ಹೇಳುವಂತೆ ಹೇಳಿಕೊಟ್ಟರು.

ನಾನು ಏನೂ ಮಾತಾಡಲಿಲ್ಲ. ಮುರಿದೆ, ಅದ್ದಿದೆ, ನುಂಗಿದೆ. ದಾಯ್ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.