ಬದಲಾವಣೆಯ ತುಟಿಗೆ ಬಣ್ಣ

ಇದು 2008ರ ಸೆಪ್ಟೆಂಬರ್. ಅಧ್ಯಕ್ಷ ಚುನಾವಣೆಗೆ ಇನ್ನು ಎಂಟು ವಾರವೂ ಉಳಿದಿಲ್ಲ, ಇರಾಕ್ ಯುದ್ಧಕ್ಕೆ ಐದು ವರ್ಷ ತುಂಬಿ ಆರು ತಿಂಗಳಾಗುತ್ತಾ ಬಂತು, ಸಾಲದ ಕಂತು ಕಟ್ಟಲಾಗದವರ ಮನೆಗಳು ಸಾಲುಸಾಲಾಗಿ ಹರಾಜಾಗುತ್ತಿವೆ. ಇಂಥ ವಾರದಲ್ಲಿ ಅಮೆರಿಕ ಊಟ ನಿದ್ದೆ ಬಿಟ್ಟು ಚರ್ಚಿಸಿದ್ದು ಹಂದಿಯ ತುಟಿಯ ಬಣ್ಣವನ್ನು.

ವರ್ಜೀನಿಯಾದ ಲೆಬನಾನ್ ಎಂಬ ಊರಿನಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಒಬಾಮಾ ಅವರು ಹಂದಿಗೆ ಲಿಪ್‌ಸ್ಟಿಕ್ ಹಚ್ಚಿದರೂ ಅದು ಹಂದಿಯೇ ಎಂದದ್ದು ರಿಪಬ್ಲಿಕನ್ ಅಭ್ಯರ್ಥಿ ಮೆಕೇನ್ ಅವರ ನೀತಿಗಳನ್ನು ಕುರಿತು. ಆದರೆ ತನಗೂ ಪಿಟ್‌ಬುಲ್ ನಾಯಿಗೂ ಇರುವ ವ್ಯತ್ಯಾಸ ಲಿಪ್‌ಸ್ಟಿಕ್ ಮಾತ್ರ ಎಂಬರ್ಥದಲ್ಲಿ ಮೆಕೇನ್ ಅವರ ಉಪಾಧ್ಯಕ್ಷ ಅಭ್ಯರ್ಥಿ ಸಾರಾ ಪೇಲಿನ್ ಅವರು ಪಕ್ಷದ ಸಮಾವೇಶದಲ್ಲಿ ಚಪ್ಪಾಳೆ ಗಿಟ್ಟಿಸಿ ವಾರವೂ ಕಳೆದಿರಲಿಲ್ಲವಾದ್ದರಿಂದ, ಹಂದಿಯೆಂದದ್ದು ಅವರನ್ನೇ ಎಂದು ಮೆಕೇನ್ ಪಾಳಯ ಪತ್ತೆಹಚ್ಚಿ ಕ್ಷಮೆಯಾಚನೆಗೆ ಪಟ್ಟು ಹಿಡಿಯಿತು. ಕಳೆದ ವರ್ಷ ಹಿಲರಿ ಕ್ಲಿಂಟನ್ ಅವರ ಆರೋಗ್ಯ ಯೋಜನೆಯ ಬಗ್ಗೆ ಮೆಕೇನ್ ಇದೇ ಮಾತನ್ನಾಡಿದಾಗ ಹಂದಿ ಬರಿಯ ಹಂದಿಯಾಗಿತ್ತು.

ನನಗೆ ಮರುಕ ಹುಟ್ಟಿದ್ದು ಮೀನಿನ ಮೇಲೆ. ಹಳೆಯ ಮೀನನ್ನು ಬದಲಾವಣೆಯೆಂಬ ಕಾಗದದಲ್ಲಿ ಸುತ್ತಿದರೂ ಎಂಟು ವರ್ಷದ ಮೇಲೆ ಅದು ನಾರದೆ ಇರುವುದಿಲ್ಲ ಎಂದು ಒಬಾಮಾ ಅದೇ ಉಸಿರಿನಲ್ಲಿ ಹೇಳಿದ್ದರು. ಅದರ ಮಾನಹಾನಿಗೆ ಮಿಡಿಯುವವರು ಒಬ್ಬರೂ ಸಿಗಲಿಲ್ಲ. ಕಾಗದಕ್ಕಂತೂ ಈ ಸಲ ವಿಪರೀತ ಗಿರಾಕಿ. 1976ರಲ್ಲಿ ಕಾರ್ಟರ್, 1992ರಲ್ಲಿ ಬಿಲ್ ಕ್ಲಿಂಟನ್ ಮೀನು ಸುತ್ತಿದ್ದೂ ಅದರಲ್ಲೇ. ಈಗ 1983ರಿಂದ ಸಂಸತ್ತಿನಲ್ಲಿ ಕುಳಿತಿರುವ ಮೆಕೇನ್ ಅವರೂ ಬದಲಾವಣೆ ಬರುತ್ತಿದೆ, ಎಚ್ಚರ ಎಂದು ವಾಷಿಂಗ್ಟನ್ನಿಗೆ ಗದರಿಸಿದ್ದಾರೆ. ಎಂಟು ವರ್ಷದಿಂದ ಶ್ವೇತಭವನದಲ್ಲಿರುವುದು ತಮ್ಮದೇ ಪಕ್ಷ ಎಂಬುದನ್ನು ಅವರಿಗೆ ಯಾರಾದರೂ ಮೆಲ್ಲಗೆ ತಿಳಿಸಬೇಕು.

ನಮ್ಮ ಡೆಮಾಕ್ರಟರೂ ಕಡಿಮೆಯಿಲ್ಲ. ಹೊಸ ಗಾಳಿ ತರುವೆನೆಂದ ಒಬಾಮಾ ಉಪಾಧ್ಯಕ್ಷ ಸ್ಥಾನಕ್ಕೆ ಆರಿಸಿಕೊಂಡ ಬೈಡನ್ ಅವರು 1973ರಿಂದ ಸೆನೆಟ್ಟಿನಲ್ಲಿದ್ದಾರೆ, ಆಗ ಒಬಾಮಾ ಅವರಿಗೆ ಹನ್ನೊಂದು ವರ್ಷ. ಸರ್ಕಾರದ ದೂರವಾಣಿ ಕದ್ದಾಲಿಕೆಗೆ ನೆರವಾದ ಕಂಪನಿಗಳಿಗೆ ರಕ್ಷಣೆ ಕೊಡುವ ಮಸೂದೆಯನ್ನು ತಡೆದೇ ತಡೆಯುವುದಾಗಿ ಹೇಳಿದ್ದ ಒಬಾಮಾ ಜುಲೈಯಲ್ಲಿ ಅದರ ಪರವಾಗಿಯೇ ಮತ ಹಾಕಿದರು. ಕೊಟ್ಟ ಮಾತಿನಂತೆ ಬದಲಾವಣೆಯೇನೋ ಆಯಿತು.

ಆದರೂ ನನ್ನ ಮತ ಒಬಾಮಾ ಅವರಿಗೇ. 2002ರಲ್ಲಿ ಬೈಡನ್, ಹಿಲರಿ, ಮೆಕೇನ್ ಮೂವರೂ ಯುದ್ಧಕ್ಕೆ ಕೈಯೆತ್ತಿದಾಗ ಶಿಕಾಗೋದಲ್ಲಿ ನಿಂತು ಇದು ಮೂರ್ಖ ಯುದ್ಧ ಎಂದವರು ಅವರು. ನಾಲ್ಕು ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತಿದ್ದಾರೆ, ಸತ್ತ ಇರಾಕಿಗಳ ಲೆಕ್ಕವನ್ನು ಯಾರೂ ನೆಟ್ಟಗೆ ಇಟ್ಟಿಲ್ಲ, ಮತ್ತು ನಾವು ಹಂದಿಯ ಬಗ್ಗೆ ಮಾತನಾಡುತ್ತಿದ್ದೇವೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ನನಗೆ ಸಾಕಾಗಿದೆ.

ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಅಧ್ಯಕ್ಷರನ್ನು ಆರಿಸುವಲ್ಲಿ ಲೆಕ್ಕಕ್ಕೆ ಬರುವ ಇಲ್ಲಿನ 55 ಎಲೆಕ್ಟೋರಲ್ ಮತಗಳು ಯಾರಿಗೆಂದು ಎಲ್ಲರಿಗೂ ಗೊತ್ತಿರುವುದರಿಂದ ಅಭ್ಯರ್ಥಿಗಳು ಇಲ್ಲಿಗೆ ಬರುವುದು ಚಂದಾ ಎತ್ತಲು ಮಾತ್ರ. ಬದಲಾವಣೆಗೆ ದುಡಿಯುವ ಆಸೆಯಿದ್ದರೆ ಯಾವ ಕಡೆಗೂ ವಾಲಬಹುದಾದ ಓಹಾಯೋದವರಿಗೆ ಫೋನ್ ಮಾಡಿ ಎಂದರು, ಹೋದ ಶನಿವಾರ ಮಾಡಿದೆ. ಏನು ಹೇಳಬೇಕೆಂಬುದನ್ನು ಅಚ್ಚು ಹಾಕಿದ ಹಾಳೆಯೊಂದನ್ನು ಕೈಗಿತ್ತಿದ್ದರು. ಖಂಡಿತ ಬೆಂಬಲಿಸುವವರಿಗೆ 1, ಖಂಡಿತ ವಿರೋಧಿಸುವವರಿಗೆ 5 ಎಂದು ಗುರುತು ಹಾಕಬೇಕಿತ್ತು. ಮೂರನೆಯ ಕರೆಗೆ ಸಿಕ್ಕ ಮುದುಕರೊಬ್ಬರು ನನ್ನ ಪಾಠವನ್ನು ಕೊನೆಯವರೆಗೂ ಕೇಳಿ, "ಅಲ್ಲಪ್ಪ, ನಿಖರವಾಗಿ ಏನು ಬದಲಾಗುತ್ತದೆ?" ಎಂದರು. ಹಾಳೆಯನ್ನು ತಿರುಗಿಸಿ ನೋಡಿದೆ, ಹಿಂಬದಿ ಖಾಲಿಯಿತ್ತು. ಅವರಿಗೆ 3 ಹಾಕಿದೆ. ನನ್ನನ್ನು ಯಾರೂ ಕೇಳಲಿಲ್ಲ, ಕೇಳಿದ್ದರೆ 2 ಎನ್ನುತ್ತಿದ್ದೆ.